ನನ್ನನ್ನು ಹೊತ್ತು ತಂದವರಿಗೆ

ಯೇಸು ಸ್ವಾಮಿ ಬದುಕಿದ ಪುಣ್ಯಭೂಮಿಯ ಯಾತ್ರೆ ಮುಗಿಸಿ ಮಂಗಳೂರಿಗೆ ಮರಳಿದ್ದೇನೆ. "ಹೇಗಿತ್ತು ಟೀಚರ್?" ಎಂದು ಫೋನಿನಲ್ಲಿ ವಿಚಾರಿಸಿದವರಿಗೆಲ್ಲ ಎರಡು ಮಾತಿನಲ್ಲಿ ಉತ್ತರಿಸಿ ಸುಮ್ಮನಾದೆ. ನನ್ನ ಉತ್ತರ ಅಷ್ಟರಲ್ಲಿ ಮುಗಿಯುವಂಥದ್ದಲ್ಲ, ಮತ್ತು ಅದನ್ನು ಎಲ್ಲರೆದುರು ಹೇಳಬೇಕೆಂಬ ಆಸೆಯಿತ್ತು. ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲಿನ ಸ್ವಾಧೀನ ಕಳೆದುಕೊಂಡು ಮಲಗಿದ್ದ ನಾನು ಊರುಗೋಲು ಹಿಡಿದು ಗಲಿಲಾಯ ಸರೋವರದ ದಡದಲ್ಲಿ ನಿಂತೆನೆಂದರೆ ಅದು ದೇವರ ಕರುಣೆ. ಆ ಕರುಣೆ ನನ್ನ ಮನೆ ಬಾಗಿಲಿಗೆ ಬಂದದ್ದು ನಿಮ್ಮ ಕಾಲುಗಳಿಂದ, ನನ್ನನ್ನು ಎತ್ತಿದ್ದು ನಿಮ್ಮ ಕೈಗಳಿಂದ. ಅದಕ್ಕಾಗಿ ಈ ಬರಹ.

ನಮ್ಮ ತಂಡ ಜೋರ್ಡಾನ್ ದೇಶದ ಅಮ್ಮಾನಿನಲ್ಲಿ ವಿಮಾನ ಇಳಿದು, ಪ್ರವಾದಿ ಮೋಶೆ ದೇವರು ಮಾತುಕೊಟ್ಟಿದ್ದ ವಾಗ್ದತ್ತ ದೇಶವನ್ನು ಕಣ್ಣಾರೆ ಕಂಡರೂ ಒಳಗೆ ಕಾಲಿಡದೆ ತೀರಿಕೊಂಡ ನೆಬೋ ಬೆಟ್ಟವನ್ನು ಹತ್ತಿ, ಯೊರ್ದನ್ ನದಿ ದಾಟಿ ಉತ್ತರಕ್ಕೆ ಹೋಯಿತು. ನಜರೇತ್, ಕಾನಾ, ಸರೋವರದ ಸುತ್ತಲಿನ ಊರುಗಳು, ಆಮೇಲೆ ಬೇತ್ಲೆಹೇಮ್, ಕೊನೆಗೆ ಯೆರೂಸಲೇಮ್. ಎಲ್ಲವನ್ನೂ ಇಲ್ಲಿ ವರ್ಣಿಸುವುದಿಲ್ಲ.

ಸರೋವರದ ದಡದ ಕಪೆರ್ನೌಮಿನ ಬಗ್ಗೆ ಮಾತ್ರ ಹೇಳಲೇಬೇಕು. ಅಲ್ಲಿಯ ಹಳೆಯ ಮನೆಗಳ ಗೋಡೆಗಳೆಲ್ಲ ಕಪ್ಪು ಬಸಾಲ್ಟ್ ಕಲ್ಲಿನವು. ಸುತ್ತಲಿನ ನೆಲದಲ್ಲೇ ಸಿಗುವ ಒರಟು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ಅಂಥ ಗೋಡೆ ಭಾರವಾದ ಮಾಡನ್ನು, ಅಂದರೆ ಛಾವಣಿಯನ್ನು, ಹೊರಲಾರದು. ಹಾಗಾಗಿ ಮರದ ತೊಲೆಗಳ ಮೇಲೆ ರೆಂಬೆಗಳನ್ನು ಹಾಸಿ, ಹುಲ್ಲು ಬೆರೆಸಿದ ಮಣ್ಣನ್ನು ಮೆತ್ತುತ್ತಿದ್ದರಂತೆ. ಯೇಸುವಿನ ಶಿಷ್ಯ ಪೇತ್ರನ ಮನೆಯೆಂದು ಕ್ರೈಸ್ತರು ಬಹು ಹಿಂದಿನಿಂದ ಗೌರವಿಸಿಕೊಂಡು ಬಂದ ಜಾಗದ ಮೇಲೆ 1990ರಲ್ಲಿ ಪ್ರತಿಷ್ಠೆಗೊಂಡ ಎಂಟು ಮೂಲೆಯ ದೇವಾಲಯವಿದೆ. ಅದರ ನೆಲದ ನಡುವೆ ಗಾಜು ಹಾಕಿದ್ದಾರೆ. ಬಗ್ಗಿ ನೋಡಿದರೆ ಕೆಳಗೆ ಆ ಮನೆಯ ಗೋಡೆಗಳು ಕಾಣುತ್ತವೆ.

ಆ ಗಾಜಿನ ಬಳಿ ಕುಳಿತಾಗ ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯ ನೆನಪಾಯಿತು. ಇದೇ ಕಪೆರ್ನೌಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ; ಜನಸಂದಣಿಯಿಂದ ಒಳಗೆ ಹೋಗಲಾಗದೆ ಮಾಡನ್ನು ಬಿಚ್ಚಿ, ಹಾಸಿಗೆ ಸಮೇತ ಅವನನ್ನು ಯೇಸು ಸ್ವಾಮಿಯ ಮುಂದೆ ಇಳಿಸುತ್ತಾರೆ. ಸಂಡೇ ಸ್ಕೂಲಿನಲ್ಲಿ ಈ ಕಥೆಯನ್ನು ವರ್ಷವರ್ಷವೂ ಹೇಳಿದವಳು ನಾನು. ಮಕ್ಕಳಿಗೆ ಮಾಡು ಬಿಚ್ಚುವ ಭಾಗವೇ ಇಷ್ಟ, ನನಗೂ ಅದೇ. ಈ ಸಲ ಹಾಸಿಗೆಯಲ್ಲಿದ್ದವನ ಪಕ್ಕದಲ್ಲಿ ಮಲಗಿ ಆ ಕಥೆಯನ್ನು ನೋಡಿದಂತಾಯಿತು. ಮುಖದ ಮೇಲೆ ಮಣ್ಣು ಉದುರುತ್ತಿದೆ, ಕೆಳಗೆ ಅಪರಿಚಿತರ ಗದ್ದಲ, ಕೈ ಎತ್ತಿ ಕಣ್ಣು ಮುಚ್ಚಿಕೊಳ್ಳಲೂ ಆಗದು. ಅವನು ಆ ಕಥೆಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಯೇಸು ಸ್ವಾಮಿ ಹೊತ್ತು ತಂದವರ ನಂಬಿಕೆಯನ್ನು ನೋಡಿ ಅವನೊಂದಿಗೆ ಮಾತಾಡಿದನೆಂದು ಮಾರ್ಕ ಬರೆಯುತ್ತಾನೆ. ಮೊದಲ ವಾರಗಳಲ್ಲಿ ನನಗೂ ನಾಲಿಗೆ ಹೊರಳುತ್ತಿರಲಿಲ್ಲ. ಬಾಯಿಯಷ್ಟೇ ಅಲ್ಲ, ಮನಸ್ಸೂ ಪ್ರಾರ್ಥಿಸುವುದನ್ನು ನಿಲ್ಲಿಸಿತ್ತು. ಆಗ ನನ್ನ ಪಾಲಿನ ನಂಬಿಕೆಯನ್ನು ನೀವು ಹೊತ್ತಿರಿ.

ನಮ್ಮ ಕಟ್ಟಡದ ಹುಡುಗರೇ, ನಿಮಗೆ ಮೊದಲ ವಂದನೆ. ಲಿಫ್ಟ್ ಇಲ್ಲದ ಆ ಮೂರನೆಯ ಮಹಡಿಯಿಂದ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಕೆಳಗಿಳಿಸಿದಿರಿ. ರಕ್ತ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯುವಿಗೆ ಆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತಡವಾದಷ್ಟೂ ಮೆದುಳಿಗೆ ನಷ್ಟ. ಬಾಯಿ ಒಂದು ಕಡೆಗೆ ವಾಲಿದ್ದನ್ನು ಕಂಡ ಕೂಡಲೇ "ಬೆಳಗಾಗಲಿ ನೋಡೋಣ" ಎನ್ನದೆ ಹೊರಟದ್ದಕ್ಕೆ ನಾನು ಇಂದು ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲೊಬ್ಬನಿಗೆ ಮರುದಿನ ಪರೀಕ್ಷೆಯಿತ್ತೆಂದು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ. ಮಗನೇ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಗಲಿಲಾಯದಲ್ಲಿ ಇನ್ನೊಂದನ್ನು ನೋಡಿದೆ. 1986ರಲ್ಲಿ ಬರದಿಂದ ಸರೋವರದ ನೀರು ಇಳಿದಾಗ ಕೆಸರಿನಲ್ಲಿ ಹೂತಿದ್ದ ಹಳೆಯ ದೋಣಿಯೊಂದು ಇಬ್ಬರು ಮೀನುಗಾರ ಸಹೋದರರ ಕಣ್ಣಿಗೆ ಬಿತ್ತು. ಯೇಸು ಸ್ವಾಮಿಯ ಕಾಲದ ಆಸುಪಾಸಿನದು, ಸುಮಾರು 8 ಮೀಟರ್ ಉದ್ದ. ಸರೋವರದ ದಡದ ಗಿನೋಸಾರಿನಲ್ಲಿ ಅದನ್ನು ಕಾಪಾಡಿ ಇಟ್ಟಿದ್ದಾರೆ. ಅದನ್ನು ಬಳಸಿದವರು ಕೆಟ್ಟ ಹಲಗೆಯನ್ನು ತೆಗೆದು, ಸಿಕ್ಕಿದ ಮರದ ತುಂಡನ್ನು ಕೂರಿಸಿ, ಮತ್ತೆ ಮತ್ತೆ ದುರಸ್ತಿ ಮಾಡಿ ನೀರಿಗಿಳಿಸಿದ್ದರು. ಹತ್ತು-ಹನ್ನೆರಡು ಜಾತಿಯ ಮರ ಅದರಲ್ಲಿದೆ. ಅದರ ಮುಂದೆ ನಿಂತಾಗ ನನ್ನ ಫಿಸಿಯೊಥೆರಪಿಯ ಹುಡುಗಿ ನೆನಪಾದಳು. ಅಮ್ಮಾ, ಅತ್ತರೂ ಬಿಡದೆ, ಬೈದರೂ ಮುನಿಯದೆ ನೀನು ದುರಸ್ತಿ ಮಾಡಿದ ದೋಣಿ ಇಷ್ಟು ದೂರ ಹೋಗಿಬಂತು.

ಯೆರೂಸಲೇಮಿನ ಹಳೆಯ ನಗರದಲ್ಲಿ ಸಿಂಹದ್ವಾರದ ಹತ್ತಿರ, ಇಳಿದರೆ ಕಾಯಿಲೆ ವಾಸಿಯಾಗುತ್ತದೆಂದು ಜನ ನಂಬಿದ್ದ ಬೇತ್ಸಥಾ ಕೊಳದ ಅವಶೇಷಗಳಿವೆ. ಈಗಿನ ನೆಲಮಟ್ಟದಿಂದ ಬಹಳ ಕೆಳಗೆ ಮುರಿದ ಕಮಾನುಗಳು, ಕಲ್ಲಿನ ರಾಶಿ. ಮೂವತ್ತೆಂಟು ವರ್ಷ ಕಾಯಿಲೆಯಲ್ಲಿದ್ದವನು "ನನ್ನನ್ನು ಕೊಳಕ್ಕಿಳಿಸಲು ಯಾರೂ ಇಲ್ಲ" ಎಂದು ಯೇಸು ಸ್ವಾಮಿಗೆ ಹೇಳಿದ್ದು ಇಲ್ಲಿಯೇ. ಬೈಬಲಿನಲ್ಲಿ ಇದಕ್ಕಿಂತ ಒಂಟಿಯಾದ ಮಾತು ಬೇರೆ ಇದೆಯೆಂದು ನನಗನ್ನಿಸುವುದಿಲ್ಲ. ಅಲ್ಲಿಯ ಕಂಬಿಯನ್ನು ಹಿಡಿದು ನಿಂತು, ನನಗೆ ಇದ್ದವರ ಹೆಸರುಗಳನ್ನೆಲ್ಲ ಒಂದೊಂದಾಗಿ ದೇವರ ಮುಂದೆ ಹೇಳಿದೆ. ಪಾಳಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಕೂತ ಸ್ತ್ರೀಯರ ಸಂಘದವರು. ಪ್ರತಿ ಶನಿವಾರ ಬಂದು ಒಂದೇ ಕೀರ್ತನೆಯನ್ನು ನಿಧಾನವಾಗಿ ಓದಿ ಹೋಗುತ್ತಿದ್ದ ಸಭಾಪಾಲಕರು. ನನ್ನ ಸೊಸೆ, ಅವಳ ಬಗ್ಗೆ ಬರೆದರೆ ಅವಳಿಗೆ ಸಂಕೋಚ, ಆದರೂ ಬರೆಯುತ್ತೇನೆ. ಇಂದಿಗೂ ನನ್ನ ಸೀರೆಯ ನೆರಿಗೆ ಹಿಡಿಯುವುದು ಅವಳೇ.

ಕೊಳದ ಪಕ್ಕದಲ್ಲೇ ಮಧ್ಯಯುಗದ ಕ್ರೈಸ್ತ ಧರ್ಮಯೋಧರಾದ ಕ್ರುಸೇಡರ್‌ಗಳ ಕಾಲದ ಸಂತ ಅನ್ನಾ ದೇವಾಲಯ. ಅಲ್ಲಿ ಮೆಲ್ಲನೆ ಹಾಡಿದರೂ ಕಲ್ಲಿನ ಕಮಾನುಗಳು ಸ್ವರವನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡುವುದಿಲ್ಲ. ಹಾಗಾಗಿ ಲೋಕದ ಎಲ್ಲ ಕಡೆಯ ಯಾತ್ರಿಕರು ತಮ್ಮ ತಮ್ಮ ಭಾಷೆಯಲ್ಲಿ ಹಾಡುತ್ತಾರೆ. ನಾವು ನಮ್ಮ ಗೀತಪುಸ್ತಕದಿಂದ ಬಾಸೆಲ್ ಮಿಷನ್ ಕಾಲದ ಕನ್ನಡ ಗೀತೆಯೊಂದನ್ನು ಹಾಡಿದೆವು. ನನ್ನ ನಾಲಿಗೆ ಒಂದು ಅಕ್ಷರಕ್ಕೂ ತೊಡರಲಿಲ್ಲ.

ಗೆತ್ಸೇಮನೆ ತೋಟ ಹಾಗಿರಲಿಲ್ಲ. ಅಲ್ಲಿ ಹಳೆಯ ಎಣ್ಣೆಮರಗಳು (ಆಲಿವ್) ಎಂಟು ಇವೆ. 2012ರಲ್ಲಿ ವಿಜ್ಞಾನಿಗಳು ಪರೀಕ್ಷಿಸಿದಾಗ ಅವುಗಳಲ್ಲಿ ಮೂರರ ಕಾಂಡ ಹನ್ನೆರಡನೆಯ ಶತಮಾನದ ಹೊತ್ತಿನದೆಂದು ತಿಳಿಯಿತು. ಪಕ್ಕದ ದೇವಾಲಯದಲ್ಲಿ ಪೀಠದ ಮುಂದೆ ಬರಿಯ ಬಂಡೆ. ಅದರ ಎದುರು ನನಗೆ ಸ್ತುತಿಯ ಮಾತು ಬರಲಿಲ್ಲ. ಎಡಗೈ ಬೆರಳುಗಳು ಇನ್ನೂ ಮಡಚುವುದಿಲ್ಲ. ಹಾರ್ಮೋನಿಯಂ ಮುಂದೆ ಕೂರುವುದು ಇನ್ನು ನನ್ನಿಂದಾಗದು. ಅದಕ್ಕಾಗಿ ಬೇಡಿಕೊಂಡಿದ್ದೆ, ಸಿಕ್ಕಲಿಲ್ಲ. ಈ ಸಂಕಟದ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಕರ್ತನಾದ ಯೇಸುವೇ ಬೇಡಿದ ತೋಟದಲ್ಲಿ ನಾನೂ ಅದನ್ನೇ ಬೇಡಿ, ಅತ್ತು, ಎದ್ದು ಬಂದೆ. ಸಮಾಧಾನವಾಯಿತೆಂದು ಬರೆದರೆ ಸುಳ್ಳಾದೀತು. ಆದರೆ ಆ ಬೇಡಿಕೆಯನ್ನು ಇಟ್ಟವಳು ನಾನೊಬ್ಬಳೇ ಅಲ್ಲವೆಂಬುದು ಗಟ್ಟಿಯಾಯಿತು.

ಯೇಸು ಸ್ವಾಮಿ ಶಿಲುಬೆ ಹೊತ್ತು ನಡೆದನೆನ್ನುವ ಶಿಲುಬೆಯ ಹಾದಿಯಲ್ಲಿ ಐದನೆಯ ಸ್ಥಳದ ಬಳಿ ದಾರಿ ತಿರುಗಿ ಏರಲು ತೊಡಗುತ್ತದೆ. ಕುರೇನ್ಯದ ಸೀಮೋನ ಶಿಲುಬೆಗೆ ಹೆಗಲು ಕೊಟ್ಟ ನೆನಪಿಗೆ ಅಲ್ಲೊಂದು ಪುಟ್ಟ ಪ್ರಾರ್ಥನಾಲಯವಿದೆ. ನನಗೆ ಕಾಲು ನಡುಗಿದ್ದೂ ಅಲ್ಲಿಯೇ. ತುಮಕೂರಿನಿಂದ ಬಂದಿದ್ದ ದಂಪತಿ ಎರಡೂ ಬದಿಯಲ್ಲಿ ಹಿಡಿದುಕೊಂಡರು. ಕರ್ತನಿಗೇ ಬೇರೆಯವನ ಹೆಗಲು ಬೇಕಾದ ಮೇಲೆ ನನಗೆ ಸಂಕೋಚವೇಕೆ? ಅಣ್ಣಾ, ಅತ್ತಿಗೆ, ಆ ಏರನ್ನೂ ಪುನರುತ್ಥಾನ ದೇವಾಲಯದೊಳಗೆ ಅವನನ್ನು ಶಿಲುಬೆಗೇರಿಸಿದ ಗೊಲ್ಗೊಥಾಕ್ಕೆ ಹತ್ತುವ ಕಡಿದಾದ ಮೆಟ್ಟಿಲುಗಳನ್ನೂ ನಾನು ನಿಮ್ಮ ಬಲದಿಂದ ಹತ್ತಿದೆ.

ಆ ದೇವಾಲಯದ ಬೀಗದ ಕೈ ಶತಮಾನಗಳಿಂದ ಜೂದೆ ಎಂಬ ಮುಸ್ಲಿಂ ಮನೆತನದ ಬಳಿ ಇದೆ; ಬಾಗಿಲು ತೆರೆಯುವ ಹಕ್ಕು ನುಸೈಬೆ ಎಂಬ ಇನ್ನೊಂದು ಮುಸ್ಲಿಂ ಮನೆತನದ್ದು. ನಮ್ಮ ಮನೆಯ ಬೀಗದ ಕೈ ನಾನು ಆಸ್ಪತ್ರೆಯಲ್ಲಿದ್ದಷ್ಟು ಕಾಲವೂ ಪಕ್ಕದ ಮನೆಯ ಬ್ಯಾರಿ ಅಕ್ಕನ ಬಳಿ ಇತ್ತು. ಗಿಡಗಳಿಗೆ ನೀರು ಹಾಕಿ, ಬೆಕ್ಕಿಗೆ ಅನ್ನವಿಟ್ಟು, ನಾನು ಬಂದ ದಿನ ಕುಚಲಕ್ಕಿ ಗಂಜಿ ಬೇಯಿಸಿಟ್ಟಿದ್ದರು. ಅಕ್ಕಾ, ನಿಮ್ಮ ದುವಾ ನನಗೆ ತಲುಪಿತು.

ಬೇತ್ಲೆಹೇಮಿನಲ್ಲಿ ಕ್ರಿಸ್ತಜನನದ ದೇವಾಲಯದ ಬಾಗಿಲು ಎಷ್ಟು ಕುಳ್ಳೆಂದರೆ ಎಲ್ಲರೂ ಬಗ್ಗಿಯೇ ಹೋಗಬೇಕು. ನನ್ನ ಜೊತೆ ಬಗ್ಗಿ, ಹಿಂದಿನಿಂದ ಸೊಂಟ ಹಿಡಿದು ದಾಟಿಸಿದವರು ಅಲ್ಲಿಯವರೇ ಆದ ನಮ್ಮ ಬಸ್ಸಿನ ಚಾಲಕ. ಆ ಊರಿನ ಎಷ್ಟೋ ಮನೆಗಳು ಎಣ್ಣೆಮರದ ಕೆತ್ತನೆಯಿಂದ ಬದುಕುತ್ತವೆ, ಯಾತ್ರಿಕರು ಬಾರದಿದ್ದರೆ ಅವರ ಒಲೆ ಉರಿಯುವುದು ಕಷ್ಟ. ಅವರಿಗಾಗಿ ಪ್ರಾರ್ಥಿಸಿ ಎಂದು ನಿಮ್ಮೆಲ್ಲರನ್ನೂ ಕೇಳಿಕೊಳ್ಳುತ್ತೇನೆ.

ಅಲ್ಲಿಂದ ತಂದ ಎಣ್ಣೆಮರದ ಶಿಲುಬೆಗಳೂ ಯೊರ್ದನಿನ ನೀರೂ ನನ್ನ ಬಳಿ ಇವೆ. ಭಾನುವಾರ ಆರಾಧನೆಯ ನಂತರ ಮನೆಗೆ ಬನ್ನಿ, ಚಹಾ ಕುಡಿದು ಅವನ್ನು ತೆಗೆದುಕೊಂಡು ಹೋಗಿ. ಮೂರು ಮಹಡಿ ಹತ್ತಲಾರದ ಹಿರಿಯರು ತಿಳಿಸಿದರೆ ಹುಡುಗರ ಕೈಯಲ್ಲಿ ಕಳುಹಿಸಿಕೊಡುತ್ತೇನೆ. ಸೋಮವಾರದಿಂದ ಫಿಸಿಯೊಥೆರಪಿಗೆ ಮತ್ತೆ ಬರುತ್ತೇನೆ.