ಬಿಡಕಿಬೈಲಿನ ಚಪ್ಪರ, ನಮ್ಮನೆ ಲೋಟ

ಮಾರಾಯಾ,

ಸಿರ್ಸಿ ಮಾರಿಜಾತ್ರೆಗೆ ಈ ಸಲನೂ ನೀ ಬರ್ಲಿಲ್ಲ, ಚಪ್ಪಲಿ ಕಾಯೋ ವಿಷಯ ನಾನಿನ್ನೂ ಮರ್ತಿಲ್ಲ. ಫೋನಲ್ಲಿ ಹೇಳೋಕೆ ಬಾಯಿ ಬರ್ಲಿಲ್ಲ, ಅದಕ್ಕೆ ಬರೀತಿದೀನಿ, ಎಲ್ಲರೆದುರಿಗೇ ಬರೀತಿದೀನಿ, ಊರವರೂ ಓದ್ಲಿ.

ಕೊನೇ ದಿನ ಜಾತ್ರೆ ನಡೆಯೋ ಬಿಡಕಿಬೈಲಲ್ಲಿ, ಕೇರಿಯವರ ಗುಡಿಸಲು ಅಂತ ಲೆಕ್ಕದ ಮಾತಂಗಿ ಚಪ್ಪರಕ್ಕೆ ಬೆಂಕಿ ಹಾಕ್ತಾರಲ್ಲ, ಚಿಕ್ಕವ್ನಿದ್ದಾಗ ಅಪ್ಪಯ್ಯನ ಹೆಗಲ ಮೇಲೆ ಕೂತು ಚಪ್ಪಾಳೆ ತಟ್ಟಿದ್ದೆ. ಮಾರಿ ಕತೆ ಆಯಿ ಹೇಳ್ತಿದ್ದಿದ್ದು ನಿಂಗೂ ನೆನಪಿರ್ಬೇಕು, ಕೇರಿ ಹುಡುಗ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿನ ಮದುವೆಯಾದ, ಗೊತ್ತಾದ ಮೇಲೆ ಅವಳು ಮಾರಿಯಾದ್ಲು, ಅವನು ಕೋಣನ ಮೈ ಹೊಕ್ಕ, ಅವಳು ಕಡಿದ್ಲು. ಮೋಸ ಮಾಡಿದವನಿಗೆ ತಕ್ಕ ಶಾಸ್ತಿ ಅಂದ್ಕೊಂಡು ನಾವು ಮಲಗ್ತಿದ್ವಿ. ಅವನು ಯಾಕೆ ಸುಳ್ಳು ಹೇಳ್ಬೇಕಾಯ್ತು ಅಂತ ನಮ್ಮಲ್ಲಿ ಒಬ್ಬರೂ ಕೇಳ್ಲಿಲ್ಲ. 1934ರಲ್ಲಿ ಹರಿಜನ ಪ್ರವಾಸದಲ್ಲಿ ಗಾಂಧಿ ಸಿರ್ಸಿಗೆ ಬಂದಿದ್ದು, ಕೋಣ ಕಡಿಯೋದು ನಿಂತಿದ್ದು ನಮ್ಮೂರಿನ ಹೆಮ್ಮೆ, ನಂಗೂ ಹೆಮ್ಮೆನೇ. ಕತೆ ಮಾತ್ರ ಇನ್ನೂ ಹಾಗೇ ಇದೆ.

ಇದನ್ನೆಲ್ಲ ಮೊನ್ನೆ ನಾಲ್ಕು ಜನರ ಮುಂದೆ ಮಾತಾಡಿದೆ. 1927ರಲ್ಲಿ ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡಿನಲ್ಲಿ, ದಲಿತರು ಮುಟ್ಟಬಾರದು ಅಂತಿದ್ದ ಚವದಾರ್ ಕೆರೆ ನೀರು ಕುಡಿದಿದ್ದು, ಆಮೇಲೆ ಮೇಲ್ಜಾತಿಯವರು ಸೆಗಣಿ ಗಂಜಲ ಹೊಯ್ದು ಆ ಕೆರೆನ ಶುದ್ಧ ಮಾಡಿದ್ದು, ಎಲ್ಲ ಹೇಳಿದೆ. ಮನೆಗೆ ಬಂದ್ರೆ ತೋಟದ ಕೆಲಸಕ್ಕೆ ಬರೋ ಅಜ್ಜ ಅಂಗಳದಲ್ಲಿ ಕೂತಿದ್ದ. ನೋಡು, ಈಗ್ಲೂ ಕೂತಿದ್ದ ಅಂತಲೇ ಬರ್ದೆ! ಅಪ್ಪಯ್ಯನಿಗಿಂತ ಹತ್ತು ವರ್ಷ ದೊಡ್ಡವರು ಅವರು, ನಾನು ಮಾತು ಕಲ್ತಾಗಿಂದ ಏಕವಚನ.

ಆಯಿ ಕಷಾಯ ಕೊಟ್ಟು ಬಾ ಅಂದ್ಲು. ಅವರ ಲೋಟ ಇರೋದು ಕೊಟ್ಟಿಗೆ ಗೋಡೆಯ ಗೂಡಲ್ಲಿ, ಸ್ಟೀಲಿಂದು, ಅಂಚು ನೆಗ್ಗಿದೆ, ಅವರೇ ತೊಳೆದು ಬೋರಲು ಹಾಕಿಟ್ಟು ಹೋಗ್ತಾರೆ. ಅದನ್ನ ತಂದು ಮೆಟ್ಟಿಲ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ್ರು. ನಾನು ತಂಬಿಗೆ ಎತ್ತಿ ಮೊಳದೆತ್ತರದಿಂದ ಹೊಯ್ದೆ. ಒಂದು ಹನಿ ಚೆಲ್ಲಿಲ್ಲ ಕಣೋ, ಅಷ್ಟು ರೂಢಿ ಈ ಕೈಗೆ.

ಮಾರನೇ ದಿನ ಒಳಗಿನ ಲೋಟದಲ್ಲೇ ಕೈಗೆ ಕೊಟ್ಟೆ. ಬ್ಯಾಡ ಒಡ್ಯಾ ಅಂತ ಅವರೇ ಹೆದರಿದ್ರು, ಆಯಿ ಬಾಗಿಲಲ್ಲಿ ನಿಂತು ನೋಡಿದ್ಲು, ಏನೂ ಅನ್ಲಿಲ್ಲ, ಸಂಜೆ ನೋಡ್ತೀನಿ ಆ ಲೋಟನೂ ಕೊಟ್ಟಿಗೆ ಗೂಡಲ್ಲಿ, ನೆಗ್ಗಿದ್ದರ ಪಕ್ಕ. ನಾನು ಅದನ್ನ ಒಳಗೆ ತರ್ಲಿಲ್ಲ. ಆಯಿಗೆ ಬೇಜಾರಾಗತ್ತೆ ಅನ್ನೋದು ನೆವ, ಧೈರ್ಯ ಇರ್ಲಿಲ್ಲ ನಂಗೆ. ಇಷ್ಟು ಬರೀಬೇಕು ಅಂತ ಕೂತಿರ್ಲಿಲ್ಲ, ಬರ್ದೇಬಿಟ್ಟೆ.

ಹೋಗ್ಲಿ. ಅಪ್ಪೆಮಿಡಿ ಈ ಸಲ ಚೆನ್ನಾಗಿ ಬಿಟ್ಟಿದೆ, ಆಯಿ ನಿನ್ನ ಪಾಲಿಂದೂ ಸೇರಿಸಿ ಉಪ್ಪಿಗೆ ಹಾಕಿದಾಳೆ. ಬಂದವನೇ ಲೋಟ ಎಲ್ಲಿದೆ ಅಂತ ನನ್ನ ಕೇಳು, ಬಿಡಬೇಡ. ಮುಂದಿನ ಜಾತ್ರೇಲಿ ಚಪ್ಪಲಿ ನಾನೇ ಕಾಯ್ತೀನಿ.