ಮಾರೋ ಮನೆ ಫೋಟೋಗೆ ಬೆಚ್ಚನೆ ಬೆಳಕು ಇರ್ಲಿ

ಮಾನ್ಯ ಸಂಪಾದಕರೇ,

ಮಾರಾಟಕ್ಕಿಟ್ಟ ಖಾಲಿ ಮನೆ ಫೋಟೋಗೆ ಈಗ ಕಂಪ್ಯೂಟರಲ್ಲೇ ಸೋಫಾ, ಮಂಚ ಎಲ್ಲಾ ಕೂರಿಸ್ತಾರೆ, ಒಳ್ಳೇದೇ, ಆದ್ರೆ ಬೆಳಕು ಮಾತ್ರ ಆಪರೇಷನ್ ಥಿಯೇಟರ್ ಥರ ಬೆಳ್ಳಗೆ ಬಿಟ್ಬಿಡ್ತಾರೆ. 2700ರಿಂದ 3000 ಕೆಲ್ವಿನ್ನಿನ (ಬೆಳಕಿನ ಬಣ್ಣ ಅಳೆಯೋ ಮಾನ) ಹಳದಿ ಬೆಳಕಿರೋ ಒಂದು ಟೇಬಲ್ ಲ್ಯಾಂಪ್, ಸೋಫಾ ತುದೀಲಿ ಮಡಚದೆ ಬಿಟ್ಟ ಶಾಲು, ಅರ್ಧ ಓದಿಟ್ಟ ಪುಸ್ತಕ, ಇಷ್ಟಿದ್ರೆ ಸಾಕು, ನೋಡೋರಿಗೆ ಆ ಮೂಲೇಲಿ ಹೋಗಿ ಕೂರ್ಬೇಕು ಅನ್ಸತ್ತೆ. ಹಾಗಂತ ಇಡೀ ಫೋಟೋಗೇ ಹಳದಿ ಬಳಿದ್ರೆ ಬಿಳಿ ಗೋಡೆ ಬಣ್ಣಾನೇ ಸುಳ್ಳಾಗತ್ತೆ, ಕಿಟಕಿ ಬಲಗಡೆ ಇದ್ದು ಸೋಫಾ ನೆರಳೂ ಬಲಕ್ಕೇ ಬಿದ್ದಿದ್ರಂತೂ ತಕ್ಷಣ ಕಣ್ಣಿಗೆ ಹೊಡೆಯತ್ತೆ. ಗೋಡೆ ಬಿರುಕು, ತೇವದ ಕಲೆ ಅಳಿಸೋದು ಅಲಂಕಾರ ಅಲ್ಲ, ಮೋಸ. ಕಂಪ್ಯೂಟರಲ್ಲಿ ಸಿಂಗರಿಸಿದ್ದು ಅಂತ ಫೋಟೋ ಮೇಲೇ ಬರೀಲಿ, ಪಕ್ಕದಲ್ಲಿ ಖಾಲಿ ರೂಮಿನ ಫೋಟೋನೂ ಹಾಕ್ಲಿ.

ಇಂತಿ,
ಒಬ್ಬ ಓದುಗ