ಸ್ಕೂಟರ್ ಕೀ ಯಾಕೆ ಕೊಡಲಿಲ್ಲ ಅಂದರೆ

ದಾವಣಗೆರೆ
ಶನಿವಾರ ರಾತ್ರಿ

ಪುಟ್ಟಿ,

ನೀನು ನನ್ನ ಜೊತೆ ಸರಿಯಾಗಿ ಮಾತಾಡಿ ನಾಲ್ಕು ದಿನ ಆಯ್ತು. ಟ್ಯೂಷನ್‌ಗೆ ಸೈಕಲ್ ತಗೊಂಡು ಹೋಗುತ್ತೀಯ, ಬಂದು ಊಟ ಮಾಡಿ ರೂಮು ಸೇರುತ್ತೀಯ. ಬಾಯಲ್ಲಿ ಹೇಳಲು ಹೋದರೆ ಇಬ್ಬರ ದನಿಯೂ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

“ಅಣ್ಣ ಹತ್ತನೇ ಕ್ಲಾಸ್ ಮುಗಿಸಿದಾಗಿಂದ ಗಾಡಿ ಓಡಿಸ್ತಿದ್ದ. ನಾನು ಹುಡುಗಿ ಅಂತ ತಾನೇ ಕೀ ಕೊಡಲ್ಲ?” ಅಂತ ನೀನು ಬುಧವಾರ ಕೇಳಿದೆ. ನಾನು ಉತ್ತರ ಕೊಡದೆ ಅಡುಗೆಮನೆಗೆ ಹೋದೆ. ನಿನಗೆ ಅದು ಹೌದು ಅಂದ ಹಾಗೇ ಕೇಳಿಸಿರಬೇಕು. ಆದರೆ ಉತ್ತರ ಹೇಳಬೇಕಾದರೆ, ಆರು ವರ್ಷದಿಂದ ನಿನಗೆ ಹೇಳದೆ ಇಟ್ಟಿದ್ದನ್ನು ಹೇಳಬೇಕಿತ್ತು. ಈಗ ಹೇಳುತ್ತೇನೆ.

ಆ ವರ್ಷ ದೀಪಾವಳಿಗೆ ಅಜ್ಜಿ ಊರಿಗೆ ಹೋಗಿದ್ದೆವು. ಅಣ್ಣ ಗಾಡಿಯಿಂದ ಜಾರಿ ಬಿದ್ದ, ಮೊಣಕಾಲು ತರಚಿತು ಅಂತ ನಿನಗೆ ಗೊತ್ತು. ನಿನಗಾಗ 11 ವರ್ಷ, ಅಷ್ಟೇ ಹೇಳಿದ್ದೆವು. ಪೂಜೆಗೆ ಚೆಂಡು ಹೂ ಕಡಿಮೆ ಬಿದ್ದಿತ್ತು. “ಆನಗೋಡಿಗೆ ಹೋಗಿ ತಂದುಬಿಡಲಾ ಅಮ್ಮ?” ಅಂದ. ಅವನಿಗೆ 16. ಗಾಡಿ ನನ್ನ ಹೆಸರಲ್ಲಿತ್ತು. “ಬೇಗ ಹೋಗಿ ಬಾ” ಅಂತ ಕೀ ಕೈಗೆ ಕೊಟ್ಟವಳು ನಾನೇ. ಹೆಲ್ಮೆಟ್ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆ ಕಡೆ ದೀಪಾವಳಿ ಹೊತ್ತಿಗೆ ರಸ್ತೆ ಹೇಗಿರುತ್ತದೆ ಅಂತ ನೀನೂ ನೋಡಿದ್ದೀಯ. ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡಿರುತ್ತಾರೆ. ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ನಾನು ರೈತರನ್ನು ಬೈಯುವುದಿಲ್ಲ, ಕಣ ಇಲ್ಲದವರು ಇನ್ನೆಲ್ಲಿ ಒಣಗಿಸಬೇಕು? ಎದುರಿಗೆ ಟ್ರ್ಯಾಕ್ಟರ್ ಬಂತು. ಅಣ್ಣ ಗಾಬರಿಯಾಗಿ ಎಡಕ್ಕೆ ತಿರುಗಿಸಿದ. ಚಕ್ರ ಕಾಳಿನ ಮೇಲೆ ಹತ್ತಿತು. ಮುಂದಿನ ಬ್ರೇಕ್ ಜೋರಾಗಿ ಹಿಡಿದ. ಕಾಳಿನ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಗಾಡಿ ನಿಲ್ಲುವುದಿಲ್ಲ, ಮಲಗಿಬಿಡುತ್ತದೆ. ದೂರದಿಂದಲೇ ವೇಗ ಇಳಿಸಿ, ಹ್ಯಾಂಡಲ್ ನೇರ ಹಿಡಿದು ನಿಧಾನಕ್ಕೆ ದಾಟಬೇಕು. ಇದನ್ನು ಅವನಿಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಅವನು ನಮ್ಮ ಬೀದಿಯಲ್ಲಿ ನಾಲ್ಕು ಸುತ್ತು ಹೊಡೆದದ್ದನ್ನೇ ನಾವು ಕಲಿತಿದ್ದಾನೆ ಅಂದುಕೊಂಡಿದ್ದೆವು.

ಅಲ್ಲಿ ಒಬ್ಬ ಅಜ್ಜ ಜೋಳ ಒಟ್ಟು ಮಾಡುತ್ತಿದ್ದರು. ಗಾಡಿ ಜಾರಿಕೊಂಡು ಹೋಗಿ ಅವರಿಗೆ ಬಡಿಯಿತು. ತೊಡೆ ಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದರು.

ಅಪ್ಪ ಆಸ್ಪತ್ರೆ ಖರ್ಚೆಲ್ಲ ಕೊಟ್ಟರು. ನನ್ನ ಎರಡು ಬಳೆ ಯಾಕೆ ಮಾರಿದ್ದು ಅಂತ ನೀನು ಒಮ್ಮೆ ಕೇಳಿದ್ದೆಯಲ್ಲ, ಇದಕ್ಕೇ. ಅಜ್ಜ ಕಂಪ್ಲೇಂಟ್ ಕೊಡಲಿಲ್ಲ. “ಹೋಗ್ಲಿ ಬಿಡ್ರಮ್ಮ, ಹುಡುಗ, ಬೇಕಂತ ಮಾಡಿಲ್ಲ” ಅಂದರು. ನನಗೆ ಆಗ ಎಷ್ಟು ಸಮಾಧಾನ ಆಯ್ತು! ಅವರು ಹಾಸಿಗೆಯಲ್ಲಿ ಮಲಗಿದ್ದಾಗ ನನಗೆ ಸಮಾಧಾನ ಆಗಿತ್ತಲ್ಲ ಅಂತ ಈಗಲೂ ನಾಚಿಕೆಯಾಗುತ್ತದೆ. ಆ ವರ್ಷ ಅವರ ಮೂರು ಎಕರೆ ಜೋಳವನ್ನು ಬೇರೆಯವರು ಒಕ್ಕಣೆ ಮಾಡಿಕೊಟ್ಟರು. ಅವರು ಈಗ ಕೋಲು ಹಿಡಿದು ನಡೆಯುತ್ತಾರೆ.

ಅವರು ಕಂಪ್ಲೇಂಟ್ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ತಿಳಿದುಕೊಂಡೆ. 2019ರ ಸೆಪ್ಟೆಂಬರ್‌ನಿಂದ ಮೋಟಾರು ವಾಹನ ಕಾಯ್ದೆಯಲ್ಲಿ 199ಎ ಅಂತ ಒಂದು ಸೆಕ್ಷನ್ ಬಂದಿದೆ. 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರು ಅಪ್ಪ ಅಮ್ಮ ಅಥವಾ ಗಾಡಿಯ ಮಾಲೀಕರು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ನಮಗೆ ಗೊತ್ತೇ ಇರಲಿಲ್ಲ ಅಂತ ಹೇಳಿದರೆ ಸಾಲದು, ಅದನ್ನು ನಾವೇ ಸಾಬೀತು ಮಾಡಬೇಕು. ಓಡಿಸಿದ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಅಣ್ಣನಿಗೆ ಈಗ 22. ದಿನಾ ಹರಿಹರಕ್ಕೆ ಬೈಕಲ್ಲಿ ಕೆಲಸಕ್ಕೆ ಹೋಗುತ್ತಾನಲ್ಲ, ಅದು ಆಗುತ್ತಿರಲಿಲ್ಲ. ಇನ್ಶೂರೆನ್ಸ್ ಇದ್ದರೂ ಅಷ್ಟೇ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟರೆ, ಕಂಪನಿ ಪರಿಹಾರ ಕಟ್ಟಿದರೂ ಆ ದುಡ್ಡನ್ನು ಮಾಲೀಕರಿಂದಲೇ ವಸೂಲಿ ಮಾಡಬಹುದು.

ಕೆಲವರಿಗೆ ಈ ಕಾನೂನು ಜಾಸ್ತಿ ಆಯ್ತು ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಆ ದಿನ ತಪ್ಪು ಮಾಡಿದ್ದು ಅಣ್ಣನಿಗಿಂತ ಮೊದಲು ನಾನು.

16ಕ್ಕೇ ಲೈಸೆನ್ಸ್ ಕೊಡ್ತಾರೆ ಅಂದೆಯಲ್ಲ, ಅದೂ ನಿಜ. ಆದರೆ ಅದು 50 ಸಿಸಿ ಮೀರದ ಗಾಡಿಗೆ ಮಾತ್ರ. ನಮ್ಮ ಸ್ಕೂಟರ್ 110 ಸಿಸಿ. ಗೇರ್ ಇಲ್ಲ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ನಿನ್ನ ಗೆಳತಿಯರು ಮೂವರು ಒಂದೇ ಗಾಡಿಯಲ್ಲಿ ಟ್ಯೂಷನ್‌ಗೆ ಬರುತ್ತಾರೆ ಅಂತಲೂ ಹೇಳಿದೆ. ಮೊನ್ನೆ ವಿದ್ಯಾರ್ಥಿ ಭವನ ಸರ್ಕಲ್‌ನಲ್ಲಿ ಅವರನ್ನು ನಾನೇ ನೋಡಿದೆ. ಒಬ್ಬರ ತಲೆ ಮೇಲೂ ಹೆಲ್ಮೆಟ್ ಇರಲಿಲ್ಲ, ಪಕ್ಕದಲ್ಲಿ ಬಸ್ಸು ತಿರುಗುತ್ತಿತ್ತು. ನನ್ನ ಎದೆ ಧಸಕ್ಕೆಂದಿತು. ಅವರ ಅಮ್ಮಂದಿರ ಜೊತೆ ಮಾತಾಡಬೇಕು ಅಂದುಕೊಂಡಿದ್ದೇನೆ. ನಿನಗೆ ಮುಜುಗರ ಆಗಬಹುದು, ಆದರೂ ಮಾತಾಡುತ್ತೇನೆ.

ನಿನಗೆ 18 ತುಂಬುವ ಜೂನ್‌ವರೆಗೆ ಸುಮ್ನೆ ಕಾಯಬೇಕು ಅಂತ ನಾನು ಹೇಳುತ್ತಿಲ್ಲ. ಹ್ಯಾಂಡಲ್ ತಿರುಗಿಸುವುದನ್ನು ಒಂದು ವಾರದಲ್ಲಿ ಕಲಿಯಬಹುದು. ರಸ್ತೆ ನೋಡುವುದನ್ನು ಕಲಿಯಲು ಜಾಸ್ತಿ ದಿನ ಬೇಕು, ಅದಕ್ಕೆ ಲೈಸೆನ್ಸ್ ಬೇಕಿಲ್ಲ. ನನ್ನ ಹಿಂದೆ ಕೂತಾಗ ಫೋನ್ ಬ್ಯಾಗಲ್ಲಿಡು. ನನಗಿಂತ ಮೊದಲು ನೀನು ನೋಡಿ ಹೇಳು. ನಿಂತ ಆಟೋದ ಮರೆಯಿಂದ ಯಾರು ಬರಬಹುದು? ಮುಂದಿನ ಬೈಕಿನವರು ಇಂಡಿಕೇಟರ್ ಹಾಕದೆ ತಿರುಗುತ್ತಾರಾ? ರೈಲ್ವೆ ಗೇಟ್ ತೆಗೆದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗುತ್ತಾರಲ್ಲ, ಆಗ ನಾವು ಎಲ್ಲಿರಬೇಕು? ಹಿಂದೆ ಬೆಳಕಿಲ್ಲದ ಟ್ರೇಲರ್ ಕತ್ತಲಲ್ಲಿ ಯಾವಾಗ ಕಣ್ಣಿಗೆ ಬೀಳುತ್ತದೆ? 40ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತದೆ. ನಮ್ಮ ಗೇಟಿನಿಂದ ಎದುರುಮನೆ ಬೇವಿನ ಮರ ಇರುವಷ್ಟು ದೂರ. ನೀನು ಕಣ್ಣು ಮಿಟುಕಿಸಿ ಯೋಚಿಸುವಷ್ಟರಲ್ಲಿ ಅಷ್ಟು ದೂರ ದಾಟಿಬಿಟ್ಟಿರುತ್ತೀಯ.

18 ತುಂಬಿದ ಮಾರನೇ ದಿನವೇ ಇಬ್ಬರೂ ಕೂತು ಸರ್ಕಾರದ ಸಾರಥಿ ವೆಬ್‌ಸೈಟ್‌ನಲ್ಲಿ ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸ್‌ಗೆ, ಅರ್ಜಿ ಹಾಕೋಣ. ಟ್ರಾಫಿಕ್ ಚಿಹ್ನೆಗಳ ಮೇಲೆ ಪ್ರಶ್ನೆ ಕೇಳುತ್ತಾರೆ, ಅದನ್ನು ಈ ವರ್ಷದ ನಿನ್ನ ಓದಿನ ಪರೀಕ್ಷೆ ಮುಗಿದ ಮೇಲೆ ಓದಿಕೊಂಡರೆ ಸಾಕು. ಎಲ್‌ಎಲ್ 6 ತಿಂಗಳು ಇರುತ್ತದೆ. 30 ದಿನ ಆದ ಮೇಲೆ ಪೂರ್ತಿ ಲೈಸೆನ್ಸ್‌ನ, ಅಂದರೆ ಡಿಎಲ್ ಟೆಸ್ಟ್‌ಗೆ ಹೋಗಬಹುದು. ಆದರೆ 30ನೇ ದಿನಕ್ಕೇ ಓಡುವುದು ಬೇಡ, ಅಲ್ವಾ? ಬಿಳಿ ಬೋರ್ಡಿನ ಮೇಲೆ ಕೆಂಪಗೆ ಎಲ್ ಬರೆದು ಗಾಡಿಗೆ ಹಾಕೋಣ. ಅಷ್ಟೂ ದಿನ ಹಿಂದಿನ ಸೀಟಲ್ಲಿ ನಾನೇ ಇರುತ್ತೇನೆ. ನಾನು 35ನೇ ವಯಸ್ಸಿನಲ್ಲಿ ಹೆದರಿ ಹೆದರಿ ಕಲಿತವಳು. ಟೆಸ್ಟ್ ದಿನ ಎಂಟರ ಆಕಾರದಲ್ಲಿ ತಿರುಗಿಸುವಾಗ ಕಾಲು ನೆಲಕ್ಕೆ ತಾಗಿ ವಾಪಸ್ ಬಂದಿದ್ದೆ, ಎರಡನೇ ಸಲ ಪಾಸಾದೆ. ನಿನಗೆ ಆ ಹೆದರಿಕೆ ಇಲ್ಲದೆ ಕಲಿಸಬೇಕು ಅನ್ನುವುದು ನನ್ನ ಆಸೆ. ನೀನು ಗಾಡಿ ಓಡಿಸಲೇಬೇಕು ಪುಟ್ಟಿ. ಯಾರನ್ನೂ ಕಾಯದೆ ಎಲ್ಲಿಗೆ ಬೇಕಾದರೂ ಹೋಗಿ ಬರುವ ಹಾಗೆ ಆಗಬೇಕು.

ಅಣ್ಣನ ಮೇಲೆ ಸಿಟ್ಟಾಗಬೇಡ. ಅವನು ಇದನ್ನು ಮರೆತಿಲ್ಲ. ಪ್ರತಿ ದೀಪಾವಳಿಗೆ ನಾವಿಬ್ಬರೂ ಒಂದು ಗಂಟೆ ಎಲ್ಲಿಗೋ ಹೋಗಿ ಬರುತ್ತೇವಲ್ಲ, ಅದು ಆ ಅಜ್ಜನ ಮನೆಗೆ.

ನಾಳೆ ಬೆಳಿಗ್ಗೆ ಅಜ್ಜಿ ಊರಿಗೆ ಹೋಗುತ್ತಿದ್ದೇನೆ. ದಾರಿಯಲ್ಲಿ ಅವರನ್ನೂ ನೋಡಿ ಬರುತ್ತೇನೆ. ನೀನೂ ಬರುವುದಾದರೆ ಏಳು ಗಂಟೆಗೆ ರೆಡಿಯಾಗು. ನಿನ್ನ ಹೆಲ್ಮೆಟ್ ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದೇನೆ.

ಅಮ್ಮ